4 ಕೋಟಿ ಅಂಕಿಗಳ ಅವಿಭಾಜ್ಯ ಸಂಖ್ಯೆ: ನಮ್ಮ ಬ್ಯಾಂಕ್ ಖಾತೆಗೂ ಅದಕ್ಕೂ ಎಂತ ಸಂಬಂಧ?

2024ರ ಅಕ್ಟೋಬರ್‌ನಲ್ಲಿ ಎರಡು ಸುದ್ದಿ ಹೆಚ್ಚುಕಮ್ಮಿ ಒಟ್ಟಿಗೇ ಬಂದವು. ಈವರೆಗೆ ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ (1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದ್ದು) ಸಿಕ್ಕಿತು ಅಂತ ಒಂದು. ಚೀನಾದ ಸಂಶೋಧಕರು ಕ್ವಾಂಟಂ ಯಂತ್ರ (ಅಣು ಮಟ್ಟದ ಭೌತನಿಯಮಗಳಿಂದ ಲೆಕ್ಕ ಮಾಡುವ ಹೊಸ ಬಗೆಯ ಕಂಪ್ಯೂಟರ್) ಬಳಸಿ ಸೇನೆ ಬಳಸುವ ಮಟ್ಟದ ಎನ್‌ಕ್ರಿಪ್ಶನ್ನನ್ನೇ ಒಡೆದರು ಅಂತ ಇನ್ನೊಂದು. ಎನ್‌ಕ್ರಿಪ್ಶನ್ ಅಂದರೆ ಮಾಹಿತಿಗೆ ಹಾಕುವ ಗಣಿತದ ಬೀಗ. ಎರಡೂ ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಕಲಸಿಹೋದವು. ದೊಡ್ಡ ಸಂಖ್ಯೆ ಸಿಕ್ಕಿದ್ದರಿಂದ ಬ್ಯಾಂಕಿನ ಬೀಗ ಸಡಿಲ ಆಯ್ತು ಅಂತ ಕೆಲವರು, ಇಲ್ಲ, ಇನ್ನಷ್ಟು ಗಟ್ಟಿ ಆಯ್ತು ಅಂತ ಕೆಲವರು. ಕ್ವಾಂಟಂ ಸುದ್ದಿ ಬಂದಾಗಲೆಲ್ಲ ಈ ಗೊಂದಲ ಮತ್ತೆ ತಲೆ ಎತ್ತುತ್ತದೆ.

ಮಂಗಳೂರು, ಉಡುಪಿ ಕಡೆ ಬ್ಯಾಂಕ್ ಅಂದರೆ ಕಿವಿ ನೆಟ್ಟಗಾಗುವುದು ಸಹಜ. ಕೆನರಾ ಬ್ಯಾಂಕ್ ಮಂಗಳೂರಿನಲ್ಲಿ ಮತ್ತು ಕಾರ್ಪೊರೇಶನ್ ಬ್ಯಾಂಕ್ ಉಡುಪಿಯಲ್ಲಿ, ಎರಡೂ 1906ರಲ್ಲಿ ಹುಟ್ಟಿದವು. ಆಮೇಲೆ 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಎಲ್ಲವೂ ಈ ಕರಾವಳಿಯ ಕೂಸುಗಳೇ. 1928ರಲ್ಲಿ ಪಿಗ್ಮಿ ಠೇವಣಿ ಶುರುವಾದಾಗ ದಿನಕ್ಕೆ ಎರಡಾಣೆ ಕೊಡುತ್ತಿದ್ದವರು ನಂಬಿದ್ದು ಮನೆ ಬಾಗಿಲಿಗೆ ಬರುವ ಏಜೆಂಟರನ್ನು. ಈಗ ಮೀನು ಮಾರ್ಕೆಟಿನಲ್ಲಿ ಬಂಗುಡೆ ತಕ್ಕೊಂಡು ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿಯುವವರು ನಂಬುವುದು ಗಣಿತವನ್ನು. ಅದು ಗಣಿತ ಅಂತ ಗೊತ್ತಿಲ್ಲದೆಯೇ ನಂಬುತ್ತಾರೆ, ಅಷ್ಟೇ.

ಉತ್ತರ ಮೊದಲೇ ಹೇಳಿಬಿಡಬಹುದು. ಹೊಸ ಅವಿಭಾಜ್ಯ ಸಂಖ್ಯೆಗೂ ನಿಮ್ಮ ಖಾತೆಗೂ ನೇರ ಸಂಬಂಧ ಇಲ್ಲ. ಕ್ವಾಂಟಂ ಯಂತ್ರಕ್ಕೂ ನಿಮ್ಮ ಖಾತೆಗೂ ಸಂಬಂಧ ಇದೆ, ಆದರೆ ಆ ಸುದ್ದಿ ಹೇಳಿದ ಹಾಗೆ ಅಲ್ಲ. ಯಾಕೆ ಅಂತ ತಿಳಿಯಲು ಆ ಸಂಖ್ಯೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಸಿಕ್ಕಿದ್ದು ಯಾವ ಸಂಖ್ಯೆ?

2¹³⁶²⁷⁹⁸⁴¹ − 1. ಅಂದರೆ 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಉತ್ತರದಲ್ಲಿ 1 ಕಳೆಯಬೇಕು. ಬಿಡಿಸಿ ಬರೆದರೆ 4,10,24,320 ಅಂಕಿ. ಸೆಕೆಂಡಿಗೆ ಒಂದರಂತೆ ಹಗಲು ರಾತ್ರಿ ನಿಲ್ಲಿಸದೆ ಓದಿದರೂ ಸುಮಾರು 475 ದಿನ ಬೇಕು. ಉಡುಪಿ ಮಠದ ಒಂದು ಪರ್ಯಾಯದ ಎರಡು ವರ್ಷದ ಅವಧಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಅದಕ್ಕೇ ಹೋಗುತ್ತದೆ.

ಕಂಡುಹಿಡಿದವರು ಅಮೆರಿಕದ ಲ್ಯೂಕ್ ಡ್ಯುರಾಂಟ್, ಎನ್ವಿಡಿಯಾ ಕಂಪನಿಯ ಮಾಜಿ ಉದ್ಯೋಗಿ. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಶುರು ಮಾಡಿದ ‘ಜಿಂಪ್ಸ್’ ಎಂಬ ಯೋಜನೆ ಇದೆ. ಅದರ ತಂತ್ರಾಂಶವನ್ನು ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ಹಾಕಿಕೊಂಡು ಹುಡುಕಾಟಕ್ಕೆ ಸೇರಬಹುದು. ಡ್ಯುರಾಂಟ್ 17 ದೇಶಗಳ 24 ಡೇಟಾ ಸೆಂಟರ್ ವಲಯಗಳಲ್ಲಿ ಜಿಪಿಯುಗಳನ್ನು (ಒಟ್ಟೊಟ್ಟಿಗೇ ಬಹಳ ಲೆಕ್ಕ ಮಾಡುವ ಚಿಪ್‌ಗಳನ್ನು) ಹಿಡಿದು ಈ ಕೆಲಸಕ್ಕೆ ಹಚ್ಚಿದರು. ಅಕ್ಟೋಬರ್ 11ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಒಂದು ಜಿಪಿಯು ‘ಇದು ಬಹುಶಃ ಅವಿಭಾಜ್ಯ’ ಎಂದಿತು. ಮರುದಿನ ಟೆಕ್ಸಾಸ್‌ನ ಸ್ಯಾನ್ ಆ್ಯಂಟೋನಿಯೋದ ಇನ್ನೊಂದು ಜಿಪಿಯು ಬೇರೆ ಪರೀಕ್ಷೆ ಮಾಡಿ ಖಚಿತಪಡಿಸಿತು. ಆಮೇಲೆ ಬೇರೆ ಬೇರೆ ಯಂತ್ರ, ಬೇರೆ ಬೇರೆ ತಂತ್ರಾಂಶಗಳಲ್ಲೂ ಪರೀಕ್ಷಿಸಿ 21ರಂದು ಪ್ರಕಟಿಸಿದರು. ಇಷ್ಟಕ್ಕೆಲ್ಲ ಬಹುಮಾನ 3,000 ಡಾಲರ್. ಅದಕ್ಕಿಂತ ಮುಂಚಿನ ದಾಖಲೆ 2018ರದ್ದು, 2,48,62,048 ಅಂಕಿ.

ತಲೆಬರಹಗಳಲ್ಲಿ ಒಂದು ತಪ್ಪು ಪದೇ ಪದೇ ಕಾಣುತ್ತದೆ. ‘ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಪತ್ತೆ’ ಅಂತ ಬರೆಯುತ್ತಾರೆ. ಅತಿ ದೊಡ್ಡದು ಅಂತ ಒಂದು ಇಲ್ಲವೇ ಇಲ್ಲ. ಅವಿಭಾಜ್ಯಗಳು ಮುಗಿಯುವುದೇ ಇಲ್ಲ ಅಂತ ಯೂಕ್ಲಿಡ್ 2,300 ವರ್ಷಗಳ ಹಿಂದೆಯೇ ತೋರಿಸಿದ್ದಾನೆ. ಇದು ನಮಗೆ ಗೊತ್ತಿರುವವುಗಳಲ್ಲಿ ದೊಡ್ಡದು, ಅಷ್ಟೇ. ಹಳೆ ದಾಖಲೆಗೂ ಇದಕ್ಕೂ ನಡುವೆ ಯಾರೂ ಕಂಡಿರದ ಅವಿಭಾಜ್ಯಗಳು ಲೆಕ್ಕ ಹಾಕಲಾಗದಷ್ಟು ಬಿದ್ದಿವೆ.

ಯಾಕೆ ಇದೇ ಜಾತಿಯ ಸಂಖ್ಯೆ?

2ರ ಘಾತದಿಂದ 1 ಕಳೆದರೆ ಬರುವ ಅವಿಭಾಜ್ಯಕ್ಕೆ ಮರ್ಸೆನ್ ಅವಿಭಾಜ್ಯ ಎನ್ನುತ್ತಾರೆ. ಮರ್ಸೆನ್ 17ನೇ ಶತಮಾನದ ಫ್ರೆಂಚ್ ಪಾದ್ರಿ. ಘಾತ, ಅಂದರೆ 2ರ ತಲೆಯ ಮೇಲೆ ಬರೆಯುವ ಸಂಖ್ಯೆ, 257ರವರೆಗೆ ಯಾವ ಯಾವ ಸಂಖ್ಯೆ ಅವಿಭಾಜ್ಯ ಅಂತ 1644ರಲ್ಲಿ ಒಂದು ಪಟ್ಟಿ ಕೊಟ್ಟ. ಪಟ್ಟಿಯಲ್ಲಿ ಐದು ತಪ್ಪು: 67 ಮತ್ತು 257 ಇರಬಾರದಿತ್ತು, 61, 89, 107 ಬಿಟ್ಟುಹೋಗಿದ್ದವು. ಆದರೂ ಹೆಸರು ಅವನದ್ದೇ ಉಳಿಯಿತು.

ಈ ಜಾತಿಯ ಸಂಖ್ಯೆಗಳಿಗೆ ಕೆಲವು ಗುಣಗಳಿವೆ. ಹೈಸ್ಕೂಲ್ ಗಣಿತದಲ್ಲೇ ಅವನ್ನು ಹಿಡಿಯಬಹುದು.

ಘಾತ ಕೂಡ ಅವಿಭಾಜ್ಯವೇ ಆಗಿರಬೇಕು. 15 ತಗೊಳ್ಳಿ. 15 ಅಂದರೆ 3 × 5. 2¹⁵ − 1 ಅಂದರೆ 32,767. ಇದನ್ನು 2³ − 1, ಅಂದರೆ 7, ಭಾಗಿಸುತ್ತದೆ. 2⁵ − 1, ಅಂದರೆ 31, ಕೂಡ ಭಾಗಿಸುತ್ತದೆ. ಘಾತ ಒಡೆದರೆ ಸಂಖ್ಯೆಯೂ ಒಡೆಯುತ್ತದೆ. ಆದರೆ ಘಾತ ಅವಿಭಾಜ್ಯ ಆದ ಮಾತ್ರಕ್ಕೆ ಕೆಲಸ ಆಗಲಿಲ್ಲ. 11 ಅವಿಭಾಜ್ಯ, 2¹¹ − 1 ಅಂದರೆ 2,047, ಅದು 23 × 89.

ಆ 23 ಮತ್ತು 89ನ್ನು ಸ್ವಲ್ಪ ನೋಡಿ. 23 ಅಂದರೆ 2 × 11 + 1. 89 ಅಂದರೆ 8 × 11 + 1. ಇದು ಕಾಕತಾಳೀಯ ಅಲ್ಲ. ಘಾತ 2ಕ್ಕಿಂತ ದೊಡ್ಡ ಅವಿಭಾಜ್ಯ ಆಗಿದ್ದರೆ, ಇಂಥ ಸಂಖ್ಯೆಯನ್ನು ಭಾಗಿಸಬಲ್ಲ ಯಾವುದೇ ಅವಿಭಾಜ್ಯದಲ್ಲಿ 1 ಕಳೆದರೆ ಉಳಿದದ್ದು ಘಾತದ ಎರಡರಷ್ಟರಿಂದ ಭಾಗವಾಗಲೇಬೇಕು. ಹಾಗಾಗಿ ನಮ್ಮ ದೊಡ್ಡ ಸಂಖ್ಯೆಯನ್ನು 27 ಕೋಟಿಗಿಂತ ಕೆಳಗಿನ ಯಾವ ಅವಿಭಾಜ್ಯದಿಂದಲೂ ಭಾಗಿಸಿ ನೋಡುವ ಅಗತ್ಯವೇ ಇಲ್ಲ. ಹುಡುಕುವವರಿಗೆ ಇದು ದೊಡ್ಡ ಉಳಿತಾಯ. ಇಂಥ ಸವಲತ್ತು ಬೇರೆ ಜಾತಿಯ ಸಂಖ್ಯೆಗಳಿಗೆ ಕಮ್ಮಿ. ದಾಖಲೆಗಳೆಲ್ಲ ಹೆಚ್ಚಾಗಿ ಈ ಜಾತಿಯಲ್ಲೇ ಬರುವುದಕ್ಕೆ ಇದೂ ಒಂದು ಕಾರಣ.

ಕೊನೆಯ ಅಂಕಿ ಯಾವುದು ಅಂತ ಬಾಯಲ್ಲೇ ಹೇಳಬಹುದು. 2ರ ಘಾತಗಳ ಕೊನೆಯ ಅಂಕಿ 2, 4, 8, 6, ಮತ್ತೆ 2, 4, 8, 6 ಅಂತ ಸುತ್ತುತ್ತದೆ. 13,62,79,841ನ್ನು 4ರಿಂದ ಭಾಗಿಸಿದರೆ ಶೇಷ 1. ಹಾಗಾದರೆ 2ರ ಆ ಘಾತದ ಕೊನೆಯ ಅಂಕಿ 2. ಅದರಿಂದ 1 ಕಳೆದರೆ 1. ನಾಲ್ಕು ಕೋಟಿ ಅಂಕಿಯ ಸಂಖ್ಯೆಯ ಬಾಲ ಹಿಡಿಯಲು ಇಷ್ಟು ಸಾಕು. ಕಂಪ್ಯೂಟರ್ ಭಾಷೆಯಲ್ಲಿ, ಅಂದರೆ ಬೈನರಿಯಲ್ಲಿ, ಇದನ್ನು ಬರೆಯುವುದು ಇನ್ನೂ ಸುಲಭ. ಬರೀ ಒಂದುಗಳು. 13 ಕೋಟಿ ಚಿಲ್ಲರೆ ಒಂದುಗಳ ಸಾಲು, ನಡುವೆ ಒಂದೂ ಸೊನ್ನೆ ಇಲ್ಲ.

ಅದರ ನೆರೆಯವನ ಕಥೆಯೂ ಗೊತ್ತು. 2ರ ಘಾತದಿಂದ ಒಂದು ಕಮ್ಮಿ, 2ರ ಘಾತ, ಅದಕ್ಕಿಂತ ಒಂದು ಜಾಸ್ತಿ, ಇವು ಮೂರು ಒಂದರ ಪಕ್ಕ ಒಂದು. ಮೂರು ಅನುಕ್ರಮ ಸಂಖ್ಯೆಗಳಲ್ಲಿ ಒಂದು 3ರಿಂದ ಭಾಗವಾಗಲೇಬೇಕು. ಮೊದಲನೆಯದು ಅವಿಭಾಜ್ಯ, ಆಗುವುದಿಲ್ಲ. ನಡುವಿನದ್ದು ಬರೀ ಎರಡುಗಳಿಂದ ಆದದ್ದು, ಅದೂ ಆಗುವುದಿಲ್ಲ. ಉಳಿದದ್ದು ಮೂರನೆಯದು. ಹಾಗಾಗಿ 11 ಮತ್ತು 13 ಇದ್ದ ಹಾಗೆ, ಇದಕ್ಕೆ ಎರಡು ಕೂಡಿಸಿದಲ್ಲಿ ಜೋಡಿ ಅವಿಭಾಜ್ಯ ಸಿಗುವುದಿಲ್ಲ.

ಹಳೆಯ ಕಾಲದವರಿಗೆ ಈ ಸಂಖ್ಯೆಗಳು ಇಷ್ಟವಾಗಿದ್ದು ಬೇರೆ ಕಾರಣಕ್ಕೆ. 6ನ್ನು 1, 2, 3 ಭಾಗಿಸುತ್ತವೆ. ಅವನ್ನು ಕೂಡಿಸಿದರೆ ಮತ್ತೆ 6. 28ಕ್ಕೂ ಹಾಗೇ. ಇವು ಪರಿಪೂರ್ಣ ಸಂಖ್ಯೆಗಳು. ಪ್ರತಿಯೊಂದು ಮರ್ಸೆನ್ ಅವಿಭಾಜ್ಯದಿಂದ ಒಂದು ಪರಿಪೂರ್ಣ ಸಂಖ್ಯೆ ಹುಟ್ಟುತ್ತದೆ: 2 × 3 = 6, 4 × 7 = 28, 16 × 31 = 496. ಇದನ್ನು ತೋರಿಸಿದವನೂ ಯೂಕ್ಲಿಡ್. ಸಮ ಪರಿಪೂರ್ಣ ಸಂಖ್ಯೆಗಳೆಲ್ಲ ಹೀಗೇ ಹುಟ್ಟಬೇಕು ಅಂತ ಆಮೇಲೆ ಸಾಧಿಸಿದವನು ಆಯ್ಲರ್. ಹೊಸ ಅವಿಭಾಜ್ಯದಿಂದ ಬಂದ ಪರಿಪೂರ್ಣ ಸಂಖ್ಯೆಗೆ 8,20,48,640 ಅಂಕಿ. ಬೆಸ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯಾ? ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಪರೀಕ್ಷೆ ಮಾಡುವುದು ಹೇಗೆ?

ನಾಲ್ಕು ಕೋಟಿ ಅಂಕಿಯ ಸಂಖ್ಯೆಯನ್ನು ಯಾರೂ ಒಂದೊಂದೇ ಸಂಖ್ಯೆಯಿಂದ ಭಾಗಿಸಿ ನೋಡುವುದಿಲ್ಲ. ಹಾಗೆ ಕೂತರೆ ವಿಶ್ವದ ಆಯಸ್ಸೂ ಸಾಲದು. ಮರ್ಸೆನ್ ಸಂಖ್ಯೆಗಳಿಗೆ ಲೂಕಾಸ್–ಲೆಹ್ಮರ್ ಎಂಬ ಪರೀಕ್ಷೆ ಇದೆ. 31ರ ಮೇಲೆ ಮಾಡಿ ನೋಡೋಣ. ಕಾಗದ ಪೆನ್ಸಿಲ್ ಸಾಕು.

31 ಅಂದರೆ 2⁵ − 1. ಘಾತ 5, ಅದರಿಂದ 2 ಕಳೆದರೆ 3. ಹಾಗಾಗಿ ಮೂರು ಹೆಜ್ಜೆ. 4ರಿಂದ ಶುರು. ಪ್ರತಿ ಹೆಜ್ಜೆಯಲ್ಲೂ ವರ್ಗ ಮಾಡಿ 2 ಕಳೆಯಬೇಕು, ಆಮೇಲೆ 31ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಬೇಕು. 4ರ ವರ್ಗ 16, ಎರಡು ಕಳೆದರೆ 14. 14ರ ವರ್ಗ 196, ಎರಡು ಕಳೆದರೆ 194, ಶೇಷ 8. 8ರ ವರ್ಗ 64, ಎರಡು ಕಳೆದರೆ 62, ಶೇಷ 0. ಕೊನೆಗೆ ಸೊನ್ನೆ ಬಂತಾ? ಹಾಗಾದರೆ 31 ಅವಿಭಾಜ್ಯ. ಸೊನ್ನೆ ಬಾರದಿದ್ದರೆ ಅಲ್ಲ. ಅಷ್ಟೇ ಪರೀಕ್ಷೆ.

ದೊಡ್ಡ ಸಂಖ್ಯೆಗೂ ಇದೇ ವಿಧಾನ. ಆದರೆ ಹೆಜ್ಜೆ ಮೂರಲ್ಲ, 13,62,79,839. ಪ್ರತಿ ಹೆಜ್ಜೆಯಲ್ಲೂ ನಾಲ್ಕು ಕೋಟಿ ಅಂಕಿಯ ಸಂಖ್ಯೆಯ ವರ್ಗ. ಶಾಲೆಯಲ್ಲಿ ಕಲಿತ ಹಾಗೆ ಗುಣಿಸಲು ಹೋದರೆ ಒಂದು ವರ್ಗಕ್ಕೇ 1,600 ಲಕ್ಷ ಕೋಟಿಗಿಂತ ಜಾಸ್ತಿ ಬಿಡಿ ಗುಣಾಕಾರ ಬೇಕು. ಅದಕ್ಕೇ ಇಲ್ಲಿ ಫೂರಿಯೇ ರೂಪಾಂತರದ ಉಪಾಯ ಬಳಸುತ್ತಾರೆ. ಸಂಖ್ಯೆಯನ್ನು ಬೇರೊಂದು ರೂಪಕ್ಕೆ ತಂದರೆ ಗುಣಾಕಾರ ಬಹಳ ಹಗುರ ಆಗುತ್ತದೆ. ಗುಣಿಸಿ ಆದ ಮೇಲೆ ಮೊದಲಿನ ರೂಪಕ್ಕೆ ವಾಪಸ್. ನಿಜವಾಗಿ ಜಿಂಪ್ಸ್‌ನ ಕೌಶಲ ಇರುವುದು ಈ ಗುಣಾಕಾರದಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಬ್ಯಾಂಕಿನ ವಿಷಯ ಬಂದಾಗ ಬೇಕಾಗುತ್ತದೆ.

ಈಗೀಗ ಮೊದಲ ಸುತ್ತಿನಲ್ಲಿ ಫರ್ಮಾ ಪರೀಕ್ಷೆ ಮಾಡುತ್ತಾರೆ. ಡಬ್ಲಿನ್‌ನ ಜಿಪಿಯು ಮಾಡಿದ್ದು ಅದನ್ನೇ. ಅದರ ತಿರುಳು ಹೀಗೆ. 7 ಅವಿಭಾಜ್ಯ, 2⁶, ಅಂದರೆ 64ನ್ನು 7ರಿಂದ ಭಾಗಿಸಿದರೆ ಶೇಷ 1. 9 ತಗೊಂಡರೆ 2⁸, ಅಂದರೆ 256ನ್ನು 9ರಿಂದ ಭಾಗಿಸಿದಾಗ ಶೇಷ 4. 2ಕ್ಕಿಂತ ದೊಡ್ಡ ಅವಿಭಾಜ್ಯ ಆಗಿದ್ದರೆ 1 ಬರಲೇಬೇಕಿತ್ತು. ಬರಲಿಲ್ಲ, ಹಾಗಾಗಿ 9 ಅವಿಭಾಜ್ಯ ಅಲ್ಲ. ಇಲ್ಲಿ ಒಂದು ವಿಚಿತ್ರ ಇದೆ, ಗಮನಿಸಿದಿರಾ? 9 ಅನ್ನುವುದು 3 × 3 ಅಂತ ನಾವು ಹೇಳಲೇ ಇಲ್ಲ. ಅದು ಒಡೆಯುತ್ತದೆ ಅಂತ ಗೊತ್ತಾಯ್ತು, ಎಲ್ಲಿ ಒಡೆಯುತ್ತದೆ ಅಂತ ಗೊತ್ತಾಗಲಿಲ್ಲ.

ಗೊಂದಲದ ಮೂಲ ಇಲ್ಲೇ

ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ಹೇಳುವುದು ಒಂದು ಕೆಲಸ. ಅಲ್ಲ ಅಂತಾದರೆ ಅದನ್ನು ಯಾವ ಯಾವ ಸಂಖ್ಯೆಗಳನ್ನು ಗುಣಿಸಿ ಮಾಡಿದ್ದು ಅಂತ ಬಿಡಿಸುವುದು ಪೂರ್ತಿ ಬೇರೆ ಕೆಲಸ. ಕೇಳಲು ಎರಡೂ ಒಂದೇ ಅನಿಸುತ್ತವೆ. ಸುದ್ದಿಗಳೂ ಎರಡನ್ನೂ ಒಂದೇ ಮಾಡಿಬಿಡುತ್ತವೆ.

ಮರ್ಸೆನ್‌ನ ಪಟ್ಟಿಯಲ್ಲಿದ್ದ 67ರ ಕಥೆ ಇದಕ್ಕೆ ಒಳ್ಳೆ ಉದಾಹರಣೆ. 2⁶⁷ − 1 ಅವಿಭಾಜ್ಯ ಅಲ್ಲ ಅಂತ ಲೂಕಾಸ್ 1876ರಲ್ಲೇ ತೋರಿಸಿದ. ಆದರೆ ಅದರ ಅಪವರ್ತನಗಳು ಅವನಿಗೆ ಗೊತ್ತಿರಲಿಲ್ಲ. ಅವು ಸಿಕ್ಕಿದ್ದು 27 ವರ್ಷಗಳ ನಂತರ. 1903ರಲ್ಲಿ ಅಮೆರಿಕದ ಫ್ರ್ಯಾಂಕ್ ನೆಲ್ಸನ್ ಕೋಲ್ ಕೊಟ್ಟ ಉತ್ತರ: 19,37,07,721 × 761838257287. ಬರೀ 21 ಅಂಕಿಯ ಸಂಖ್ಯೆಗೆ ಇಷ್ಟು ಪಾಡು.

ನೀವೇ ಒಂದು ಸಣ್ಣ ಪ್ರಯೋಗ ಮಾಡಬಹುದು. 83 × 97 ಎಷ್ಟು? ಅರ್ಧ ನಿಮಿಷದಲ್ಲಿ 8,051 ಅಂತ ಬರುತ್ತದೆ. ಈಗ ಉಲ್ಟಾ. 8,051 ಅಂತ ಮಾತ್ರ ಕೊಟ್ಟು, ಇದು ಯಾವೆರಡರ ಗುಣಲಬ್ಧ ಅಂತ ಯಾರಿಗಾದರೂ ಕೇಳಿ. ಅವರು 2, 3, 5, 7 ಅಂತ ಅವಿಭಾಜ್ಯಗಳಿಂದ ಭಾಗಿಸುತ್ತಾ ಹೋದರೆ 22 ಸಲ ಸೋಲುತ್ತಾರೆ. 23ನೆಯದು 83. ಅಂಕಿಗಳು ಬೆಳೆದ ಹಾಗೆ ಗುಣಾಕಾರದ ಕಷ್ಟ ನಿಧಾನಕ್ಕೆ ಏರುತ್ತದೆ, ಬಿಡಿಸುವ ಕಷ್ಟ ಮಾತ್ರ ಆಕಾಶಕ್ಕೆ ಹೋಗುತ್ತದೆ.

ಆ ಏರಿಕೆ ಎಷ್ಟು ಅಂತ 2020ರ ಫೆಬ್ರುವರಿಯ ಒಂದು ಫಲಿತಾಂಶ ತೋರಿಸುತ್ತದೆ. ಆರ್‌ಎಸ್‌ಎ-250 ಎಂಬ 250 ಅಂಕಿಯ ಸಂಖ್ಯೆಯನ್ನು ಸಂಶೋಧಕರ ತಂಡವೊಂದು ಒಡೆಯಿತು. ಒಂದೇ ಪ್ರೊಸೆಸರ್ ಕೋರ್ ಮೇಲೆ ನಡೆಸಿದ್ದರೆ ಸುಮಾರು 2,700 ವರ್ಷ ಹಿಡಿಯುವಷ್ಟು ಲೆಕ್ಕಾಚಾರ ಅದಕ್ಕೆ ಬೇಕಾಯಿತು. ಒಂದು ಕಡೆ ನಾಲ್ಕು ಕೋಟಿ ಅಂಕಿಯ ಸಂಖ್ಯೆ ಅವಿಭಾಜ್ಯ ಅಂತ ಮರುದಿನವೇ ಖಚಿತ. ಇನ್ನೊಂದು ಕಡೆ 250 ಅಂಕಿಗೆ ಇಷ್ಟು ದೊಡ್ಡ ಸಾಹಸ. ಬ್ಯಾಂಕಿನ ಬೀಗ ನಿಂತಿರುವುದು ಈ ಅಂತರದ ಮೇಲೆ.

2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಮಾಡಿದ ಸಾಧನೆಯೂ ಮೊದಲ ಕೆಲಸಕ್ಕೆ ಸೇರಿದ್ದು. ಯಾವುದೇ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ಊಹೆ, ಅದೃಷ್ಟ ಯಾವುದೂ ಇಲ್ಲದೆ ವೇಗವಾಗಿ ಹೇಳುವ ವಿಧಾನ ಇದೆ ಅಂತ ಅವರು ಸಾಧಿಸಿದರು. ಗಣಿತಲೋಕ ಬೆರಗಾಯಿತು. ಬೀಗಗಳಿಗೆ ಮಾತ್ರ ಏನೂ ಆಗಲಿಲ್ಲ.

ಬೀಗದೊಳಗಿನ ಅವಿಭಾಜ್ಯಗಳು

ಆರ್‌ಎಸ್‌ಎ ಎಂಬ ಬೀಗದಲ್ಲಿ ಎರಡು ಅವಿಭಾಜ್ಯಗಳನ್ನು ಗುಟ್ಟಾಗಿ ಆರಿಸುತ್ತಾರೆ. ಅವನ್ನು ಗುಣಿಸಿ ಬಂದದ್ದನ್ನು ಎಲ್ಲರಿಗೂ ಕಾಣುವಂತೆ ಇಡುತ್ತಾರೆ. ಬೀಗ ಹಾಕಲು ಆ ಬಹಿರಂಗ ಸಂಖ್ಯೆ ಸಾಕು, ತೆಗೆಯಲು ಒಳಗಿನ ಜೋಡಿ ಗೊತ್ತಿರಬೇಕು. ಜಿಎಸ್‌ಟಿ ರಿಟರ್ನ್ ಹಾಕುವಾಗ ಸಿಎ ಕಂಪ್ಯೂಟರಿಗೆ ಚುಚ್ಚುವ ಆ ಸಣ್ಣ ಯುಎಸ್‌ಬಿ ಟೋಕನ್ ನೋಡಿರಬಹುದು. ಅದರೊಳಗೆ ಇರುವುದು ಇಂಥದ್ದೇ ಒಂದು ಗುಟ್ಟು, ಸಾಮಾನ್ಯವಾಗಿ 2,048 ಬಿಟ್‌ನದ್ದು (ಬಿಟ್ ಅಂದರೆ ಬೈನರಿಯ ಒಂದು ಅಂಕಿ). ಅಂದರೆ ಬಹಿರಂಗ ಸಂಖ್ಯೆಗೆ 617 ಅಂಕಿ. ಒಳಗಿನ ಒಂದೊಂದು ಅವಿಭಾಜ್ಯಕ್ಕೆ 300 ಚಿಲ್ಲರೆ ಅಂಕಿ.

ಇಂಥ ಅವಿಭಾಜ್ಯ ಹುಡುಕಲು ಯಾವ ದಾಖಲೆಯೂ ಬೇಡ. ಆ ಗಾತ್ರದಲ್ಲಿ ಸರಾಸರಿ 710 ಸಂಖ್ಯೆಗಳಿಗೆ ಒಂದು ಅವಿಭಾಜ್ಯ ಸಿಗುತ್ತದೆ. ಸಮ ಸಂಖ್ಯೆಗಳನ್ನು ಬಿಟ್ಟರೆ 355ಕ್ಕೆ ಒಂದು. ಯಂತ್ರ ಸುಮ್ನೆ ಅಡ್ಡಾದಿಡ್ಡಿ ಸಂಖ್ಯೆ ಎತ್ತಿ ಪರೀಕ್ಷೆ ಮಾಡುತ್ತಾ ಹೋದರೆ ಸ್ವಲ್ಪ ಹೊತ್ತಿಗೇ ಕೈಗೆ ಬರುತ್ತದೆ. ಆ ಗಾತ್ರದ ಅವಿಭಾಜ್ಯಗಳು ಒಟ್ಟು ಎಷ್ಟಿವೆ ಅಂದರೆ 1ರ ಮುಂದೆ 305 ಸೊನ್ನೆ ಬರೆಯಬೇಕು. ಎಲ್ಲವನ್ನೂ ಪಟ್ಟಿ ಮಾಡಿ ಯಾರಾದರೂ ಇಟ್ಟುಕೊಂಡರೆ? ಇಡಲು ವಿಶ್ವದಲ್ಲಿ ಅಷ್ಟು ಪರಮಾಣುಗಳೇ ಇಲ್ಲ.

ಈಗ ಹೊಸ ದೈತ್ಯನನ್ನು ಈ ಬೀಗದಲ್ಲಿ ಹಾಕಿದರೆ ಏನಾಗುತ್ತದೆ? ಎರಡು ಕಾರಣಕ್ಕೆ ಅದು ಪ್ರಯೋಜನಕ್ಕಿಲ್ಲ. ಮೊದಲನೆಯದಾಗಿ ಅದು ಎಲ್ಲರಿಗೂ ಗೊತ್ತು. ಜೋಡಿಯಲ್ಲಿ ಒಂದು ಗೊತ್ತಿದ್ದರೆ ಇನ್ನೊಂದು ಒಂದೇ ಭಾಗಾಕಾರದಲ್ಲಿ ಹೊರಗೆ ಬರುತ್ತದೆ. ಎರಡನೆಯದಾಗಿ ಅದರ ಗಾತ್ರ. ಆ ಒಂದು ಸಂಖ್ಯೆಗೇ 17 ಎಂಬಿ ಬೇಕು. ಹತ್ತು ರೂಪಾಯಿ ಕಳಿಸಲು ಪ್ರತಿ ಸಲ ಅಷ್ಟು ಡೇಟಾ ಓಡಾಡಬೇಕು ಅಂದರೆ ಯಾರು ಒಪ್ಪುತ್ತಾರೆ ಮಾರಾಯ್ರೆ?

ಹಾಗಂತ ಹಳೆ ದಾಖಲೆಗಳೆಲ್ಲ ಮೂಲೆಗೆ ಬಿದ್ದಿಲ್ಲ. 2⁵²¹ − 1 ಸಿಕ್ಕಿದ್ದು 1952ರಲ್ಲಿ, ಕಂಪ್ಯೂಟರ್ ಹುಡುಕಿಕೊಟ್ಟ ಮೊದಲ ಮರ್ಸೆನ್ ಅವಿಭಾಜ್ಯಗಳಲ್ಲಿ ಒಂದು. 157 ಅಂಕಿ. ಆ ಕಾಲದಲ್ಲಿ ಅದೂ ಯಾರಿಗೂ ಬೇಡದ ಕುತೂಹಲವೇ. ಎಲಿಪ್ಟಿಕ್ ಕರ್ವ್ ಅಂತ ಆರ್‌ಎಸ್‌ಎ ಅಲ್ಲದ ಇನ್ನೊಂದು ಬಗೆಯ ಬೀಗ ಇದೆ. ಇವತ್ತು ಪಿ-521 ಎಂಬ ಅಂಥ ಬೀಗದ ಲೆಕ್ಕವೆಲ್ಲ ನಡೆಯುವುದು ಆ ಸಂಖ್ಯೆಯ ಮೇಲೆ. ಅಲ್ಲಿ ಅವಿಭಾಜ್ಯ ಬಹಿರಂಗವಾಗಿದ್ದರೂ ತೊಂದರೆ ಇಲ್ಲ, ಗುಟ್ಟು ಬೇರೆ ಕಡೆ ಇದೆ. 1971ರ ದಾಖಲೆ 2¹⁹⁹³⁷ − 1 ಕೂಡ ಹಾಗೇ. ಪೈಥಾನ್ ಭಾಷೆಯಲ್ಲಿ ಯಾದೃಚ್ಛಿಕ ಸಂಖ್ಯೆ ಕೇಳಿದರೆ ಕೆಲಸ ಮಾಡುವ ಮರ್ಸೆನ್ ಟ್ವಿಸ್ಟರ್ ವಿಧಾನದ ಹೃದಯದಲ್ಲಿ ಅದೇ ಇದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲೋ ಮಣಿಪಾಲದಲ್ಲೋ ಪ್ರೋಗ್ರಾಮಿಂಗ್ ಕಲಿಯುವ ವಿದ್ಯಾರ್ಥಿಗಳು ಅದನ್ನು ಗೊತ್ತಿಲ್ಲದೆಯೇ ಬಳಸುತ್ತಿರುತ್ತಾರೆ.

ಇಷ್ಟು ಕರೆಂಟ್ ಸುಡುವುದು ಸರಿಯಾ?

ದಾಖಲೆ ಬೇಟೆಯ ಬಗ್ಗೆ ಆಕ್ಷೇಪ ಸುಲಭಕ್ಕೆ ಅರ್ಥವಾಗುವಂಥದ್ದು. ಸಾವಿರಾರು ಜಿಪಿಯು, ಬೇಕಾದಷ್ಟು ವಿದ್ಯುತ್, ಕೊನೆಗೆ ಸಿಗುವುದು ಯಾರೂ ಬಳಸದ ಒಂದು ಸಂಖ್ಯೆ. ಆ ಯಂತ್ರಗಳನ್ನು ಔಷಧಿ ಸಂಶೋಧನೆಗೋ ಹವಾಮಾನ ಲೆಕ್ಕಕ್ಕೋ ಹಾಕಬಹುದಿತ್ತಲ್ಲ?

ಬೇಟೆಯವರ ಉತ್ತರ: ಯಂತ್ರಗಳ ತಪ್ಪು ಸಿಗುವುದೇ ಇಂಥ ಕೆಲಸದಲ್ಲಿ. ಇದಕ್ಕೆ ಸಾಕ್ಷಿ ಇದೆ. 1994ರಲ್ಲಿ ಗಣಿತಜ್ಞ ಥಾಮಸ್ ನೈಸ್ಲಿ ಜೋಡಿ ಅವಿಭಾಜ್ಯಗಳ ಲೆಕ್ಕ ಹಾಕುತ್ತಿದ್ದಾಗ ಇಂಟೆಲ್ ಪೆಂಟಿಯಂ ಚಿಪ್ ಭಾಗಾಕಾರದಲ್ಲಿ ತಪ್ಪುವುದು ಗೊತ್ತಾಯಿತು. ಕೊನೆಗೆ ಇಂಟೆಲ್ ಚಿಪ್‌ಗಳನ್ನು ಬದಲಿಸಿಕೊಡಬೇಕಾಯಿತು. 2016ರಲ್ಲಿ ಅದೇ ಕಂಪನಿಯ ಸ್ಕೈಲೇಕ್ ಪ್ರೊಸೆಸರಿನ ದೋಷವೊಂದು ಬಯಲಾಗಿದ್ದು ಜಿಂಪ್ಸ್‌ನ ಪ್ರೈಮ್95 ತಂತ್ರಾಂಶ ಓಡಿಸುವಾಗ.

ಶುದ್ಧ ಗಣಿತದವರ ನಿಲುವು ಮೂರನೆಯದು. ಮರ್ಸೆನ್ ಅವಿಭಾಜ್ಯಗಳು ಕೊನೆಯಿಲ್ಲದಷ್ಟು ಇವೆಯಾ ಎಂಬುದೇ ಇನ್ನೂ ಸಾಧಿತವಾಗಿಲ್ಲ. 52 ಸಿಕ್ಕಿವೆ. ಇನ್ನೊಂದು ಸಿಕ್ಕಿದರೂ ಆ ಪ್ರಶ್ನೆ ಇದ್ದಲ್ಲೇ ಇರುತ್ತದೆ. ಹಾಗಾಗಿ ಇದನ್ನು ಗಣಿತದ ದೊಡ್ಡ ಮುನ್ನಡೆ ಅನ್ನುವುದು ಅತಿಯಾಯಿತು.

ಚಿಪ್ ಪರೀಕ್ಷೆಯ ವಾದ ನಿಜ, ಆದರೆ ಅದನ್ನೇ ಮುಖ್ಯ ಸಮರ್ಥನೆ ಮಾಡುವುದು ಸ್ವಲ್ಪ ಎಳೆದಾಟ. ಯಾರೂ ಚಿಪ್ ಪರೀಕ್ಷಿಸಲಿಕ್ಕೆ ಅಂತ ಅವಿಭಾಜ್ಯ ಹುಡುಕಲು ಹೊರಡುವುದಿಲ್ಲ. ಕುತೂಹಲಕ್ಕೆ ಹುಡುಕುತ್ತಾರೆ. ಕುತೂಹಲಕ್ಕೆ ಅಂತಲೇ ಒಪ್ಪಿಕೊಳ್ಳುವುದರಲ್ಲಿ ನಾಚಿಕೆ ಎಂತದ್ದು?

ನಿಜವಾದ ತಲೆನೋವು: ಕ್ವಾಂಟಂ

ಇನ್ನು ಎರಡನೆಯ ಸುದ್ದಿ. ಶಾಂಘೈ ವಿಶ್ವವಿದ್ಯಾಲಯದ ಸಂಶೋಧಕರು ಡಿ-ವೇವ್ ಕಂಪನಿಯ ಕ್ವಾಂಟಂ ಯಂತ್ರದಲ್ಲಿ ಒಡೆದದ್ದು 22 ಬಿಟ್‌ನ ಒಂದು ಸಂಖ್ಯೆಯನ್ನು. 22 ಬಿಟ್ ಅಂದರೆ ಹೆಚ್ಚೆಂದರೆ 41,94,303. ಇದನ್ನು ಒಡೆಯಲು 2,048ರ ಒಳಗಿನ 300 ಚಿಲ್ಲರೆ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಮುಗಿಯಿತು. ಹಳೇ ಮೊಬೈಲೂ ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತದೆ. ಬ್ಯಾಂಕಿನ ಬೀಗ 2,048 ಬಿಟ್. ಸಂಶೋಧನೆಯಾಗಿ ಅದಕ್ಕೆ ಅದರದ್ದೇ ಬೆಲೆ ಇರಬಹುದು, ‘ಸೇನೆಯ ಬೀಗ ಒಡೆಯಿತು’ ಎಂಬ ತಲೆಬರಹಕ್ಕೆ ಮಾತ್ರ ಬುಡ ಇರಲಿಲ್ಲ.

ಆದರೆ ಸುದ್ದಿ ಸುಳ್ಳು ಅಂತ ಅಪಾಯವೂ ಸುಳ್ಳಲ್ಲ. ಸಾಕಷ್ಟು ದೊಡ್ಡ ಕ್ವಾಂಟಂ ಕಂಪ್ಯೂಟರ್ ಇದ್ದರೆ ಸಂಖ್ಯೆಗಳನ್ನು ಸಲೀಸಾಗಿ ಒಡೆಯಬಹುದು ಅಂತ ಪೀಟರ್ ಶೋರ್ 1994ರಲ್ಲೇ ತೋರಿಸಿದ್ದಾರೆ. ಅದೇ ವಿಧಾನದಿಂದ ಎಲಿಪ್ಟಿಕ್ ಕರ್ವ್ ಬೀಗಗಳೂ ಹೋಗುತ್ತವೆ. ‘ಸಾಕಷ್ಟು ದೊಡ್ಡ’ ಅಂದರೆ ಎಷ್ಟು? 2,048 ಬಿಟ್ ಒಡೆಯಲು ಎರಡು ಕೋಟಿ ಕ್ಯೂಬಿಟ್ (ಕ್ವಾಂಟಂ ಕಂಪ್ಯೂಟರಿನ ಬಿಟ್) ಬೇಕು ಅಂತ 2019ರ ಅಂದಾಜು. 2025ರ ಮೇ ತಿಂಗಳಲ್ಲಿ ಗೂಗಲ್‌ನ ಕ್ರೇಗ್ ಗಿಡ್ನಿ ಅದನ್ನು ಹತ್ತು ಲಕ್ಷಕ್ಕಿಂತ ಕಮ್ಮಿಗೆ ಇಳಿಸಿದರು. 2024ರ ಕೊನೆಗೆ ಗೂಗಲ್ ತೋರಿಸಿದ ವಿಲೋ ಚಿಪ್‌ನಲ್ಲಿ ಇದ್ದದ್ದು 105. ಅಂತರ ಇನ್ನೂ ದೊಡ್ಡದು. ಆದರೆ ಯಂತ್ರ ಮೇಲೆ ಬರುತ್ತಿದೆ, ಬೇಕಾದ ಸಂಖ್ಯೆ ಕೆಳಗೆ ಇಳಿಯುತ್ತಿದೆ. ಎರಡೂ ಕಡೆಯಿಂದ ಅಂತರ ಕಮ್ಮಿ ಆಗುತ್ತಿದೆ ಎಂಬುದೇ ತಜ್ಞರ ಚಿಂತೆ.

ಅದಕ್ಕೇ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಕ್ವಾಂಟಂ ಯಂತ್ರಕ್ಕೂ ಜಗ್ಗದ ಹಾಗೆ ರೂಪಿಸಿದ ಮೂರು ಹೊಸ ಬೀಗಗಳ ಮಾನಕ ಹೊರತಂದಿತು. 2,048 ಬಿಟ್ ಆರ್‌ಎಸ್‌ಎ ಬಳಕೆಯನ್ನು 2030ರ ನಂತರ ತಗ್ಗಿಸಿ 2035ರ ನಂತರ ನಿಲ್ಲಿಸಬೇಕು ಎಂಬ ಕರಡನ್ನೂ ಅದೇ ವರ್ಷ ನವೆಂಬರ್‌ನಲ್ಲಿ ಪ್ರಕಟಿಸಿತು. ಭಾರತ 2023ರಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ.

ಹೊಸ ಬೀಗಗಳಲ್ಲಿ ಮುಖ್ಯವಾದದ್ದು ಎಂಎಲ್-ಕೆಮ್. ಇದರ ಭದ್ರತೆ ಅಪವರ್ತನದ ಕಷ್ಟದ ಮೇಲೆ ನಿಂತಿಲ್ಲ, ಜಾಲಕ ಎಂಬ ಬೇರೆಯೇ ಗಣಿತದ ಮೇಲೆ ನಿಂತಿದೆ. ಹಾಗಂತ ಅವಿಭಾಜ್ಯ ಸಂಖ್ಯೆಯಿಂದ ಬಿಡುಗಡೆ ಸಿಕ್ಕಿತಾ ಅಂದರೆ, ಇಲ್ಲ. ಎಂಎಲ್-ಕೆಮ್‌ನ ಎಲ್ಲ ಲೆಕ್ಕ ನಡೆಯುವುದು ಒಂದು ಅವಿಭಾಜ್ಯದ ಮೇಲೆ. ಅದು 3,329. ಬರೀ ನಾಲ್ಕು ಅಂಕಿ, ಎಲ್ಲರಿಗೂ ಗೊತ್ತಿರುವಂಥದ್ದು.

ಯಾಕೆ 3,329? ಅದರಿಂದ 1 ಕಳೆದರೆ 3,328. ಅದು 13 × 256. 256ರಿಂದ ಹೀಗೆ ಭಾಗವಾಗುವುದರಿಂದ ಅದರ ಮೇಲೆ ಫೂರಿಯೇ ರೂಪಾಂತರದ ಉಪಾಯ ಚೆನ್ನಾಗಿ ಓಡುತ್ತದೆ. ಮೇಲೆ ನೆನಪಿಟ್ಟುಕೊಳ್ಳಿ ಅಂದ ಉಪಾಯ ಇದೇ. ಜಿಂಪ್ಸ್‌ನವರು ನಾಲ್ಕು ಕೋಟಿ ಅಂಕಿ ಗುಣಿಸಲು ಬಳಸುವ ವಿಧಾನದ ತಮ್ಮನೇ ನಿಮ್ಮ ಮೊಬೈಲಿನಲ್ಲಿ ಹೊಸ ಬೀಗವನ್ನು ಕ್ಷಣದಲ್ಲಿ ಹಾಕಿ ತೆಗೆಯುತ್ತಾನೆ. ಅವಿಭಾಜ್ಯ ಬೇಟೆಗೂ ಬ್ಯಾಂಕಿಗೂ ಸಂಬಂಧ ಹುಡುಕಲೇಬೇಕು ಅಂದರೆ ಅದು ಸಿಕ್ಕಿದ ಸಂಖ್ಯೆಯಲ್ಲಿ ಇಲ್ಲ, ಗುಣಿಸುವ ಕಸುಬಿನಲ್ಲಿ ಇದೆ.

ಮುಂದೆ ಏನೇನು ಬದಲಾಗುತ್ತದೆ?

ಸಾಮಾನ್ಯ ಗ್ರಾಹಕರಿಗೆ ಹೆಚ್ಚು ಕೆಲಸ ಇಲ್ಲ. ಕ್ರೋಮ್ ಬ್ರೌಸರ್ 2024ರಿಂದಲೇ ಹಳೆ ಬೀಗದ ಜೊತೆ ಹೊಸದನ್ನೂ ಸೇರಿಸಿ ಹಾಕುತ್ತಿದೆ. ಸಿಗ್ನಲ್, ಐಮೆಸೇಜ್ ಎಂಬ ಸಂದೇಶ ಆ್ಯಪ್‌ಗಳು ಕೂಡ ಆ ದಾರಿ ಹಿಡಿದಿವೆ. ಮೊಬೈಲ್ ಆ್ಯಪ್‌ಗಳಲ್ಲಿ ಇದು ಅಪ್‌ಡೇಟ್ ಮೂಲಕ ಬರುತ್ತದೆ, ಬಂದದ್ದೂ ಗೊತ್ತಾಗುವುದಿಲ್ಲ. ಒಟಿಪಿ ಕೇಳಿ ದುಡ್ಡು ಹೊಡೆಯುವವರು ಮಾತ್ರ ಹಾಗೇ ಇರುತ್ತಾರೆ. ಅವರಿಗೆ ಯಾವ ಗಣಿತವನ್ನೂ ಒಡೆಯುವ ಅಗತ್ಯ ಇಲ್ಲವಲ್ಲ. ಬೀಗ ಎಷ್ಟೇ ಗಟ್ಟಿ ಇರಲಿ, ಫೋನಿನಲ್ಲಿ ನಾವೇ ಕೀಲಿ ಹೇಳಿಬಿಟ್ಟರೆ ಮುಗಿಯಿತು.

ಕಷ್ಟ ಬರುವುದು ಯಂತ್ರದೊಳಗೆ ಬೀಗ ಕೂತುಬಿಟ್ಟಿರುವ ಕಡೆ. ಯುಎಸ್‌ಬಿ ಟೋಕನ್, ಚಿಪ್ ಇರುವ ಕಾರ್ಡ್, ಅಂಗಡಿಯ ಸ್ವೈಪ್ ಮೆಶಿನ್, ಎಟಿಎಂ. ಇಂಥವುಗಳಲ್ಲಿ ಹಲವನ್ನು ಬರೀ ಅಪ್‌ಡೇಟ್‌ನಿಂದ ಸರಿ ಮಾಡಲು ಆಗುವುದಿಲ್ಲ, ಯಂತ್ರವನ್ನೇ ಬದಲಿಸಬೇಕು. ಹೊಸ ಬೀಗದ ಕೀಲಿ, ಸಹಿಗಳೂ ಹಳೆಯವಕ್ಕಿಂತ ದೊಡ್ಡವು, ಹಾಗಾಗಿ ಸಣ್ಣ ಚಿಪ್‌ಗಳಿಗೆ ಭಾರ. ಈ ಖರ್ಚು ಬ್ಯಾಂಕುಗಳ ಮೇಲೆ ಬೀಳುತ್ತದೆ. ಸಣ್ಣ ಸಹಕಾರಿ ಸಂಘಗಳಿಗೆ ಅದು ಇನ್ನೂ ಜಾಸ್ತಿ ತಟ್ಟುವ ಸಾಧ್ಯತೆ ಇದೆ.

ತುರ್ತು ಇರುವುದು ಮಾತ್ರ ಹಣದ ವ್ಯವಹಾರಕ್ಕಿಂತ ಬೇರೆ ಕಡೆ. ಇವತ್ತು ಕದ್ದ ಗೂಢ ಮಾಹಿತಿಯನ್ನು ಹಾಗೇ ಕೂಡಿಟ್ಟು, ಕ್ವಾಂಟಂ ಯಂತ್ರ ಬಂದ ಮೇಲೆ ತೆರೆಯಬಹುದು. ನಿನ್ನೆಯ ಒಟಿಪಿ ಹತ್ತು ವರ್ಷದ ನಂತರ ಯಾರಿಗೂ ಬೇಡ. ಆದರೆ ಆಸ್ಪತ್ರೆಯ ಕಡತ, ಬೆರಳಚ್ಚು, ಉಯಿಲು ಇವೆಲ್ಲ ಆಗಲೂ ಅಷ್ಟೇ ಗುಟ್ಟಿನವು. ಆಸ್ಪತ್ರೆ, ಮೆಡಿಕಲ್ ಕಾಲೇಜುಗಳು ಇಷ್ಟು ಒತ್ತಾಗಿರುವ ಮಂಗಳೂರು, ಮಣಿಪಾಲದಂಥ ಕಡೆ ಹೊಸ ಬೀಗ ಮೊದಲು ಬೀಳಬೇಕಾದದ್ದು ರೋಗಿಗಳ ದಾಖಲೆಗೆ, ಬ್ಯಾಂಕಿನ ಸರದಿ ಆಮೇಲೆ.